ಒಂದೇ ಉಸಿರಿನ ಅರ್ಜಿ

1. ಅರ್ಜಿದಾರ: ಕೆಳಗೆ ಸಹಿ ಮಾಡಿದವನು, ಪುಣೆ ನಿವಾಸಿ.
2. ವಿಷಯ: ಶ್ವಾಸಕೋಶದ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದದ್ದು.
3. ಕಾರಣ: ತೀರ್ಥರೂಪರ ಶಿಸ್ತು.

ಇಂದು ಪುಣೆಯ ಕ್ಯಾಂಪ್ ಬಡಾವಣೆಯ ದವಾಖಾನೆಯಲ್ಲಿ ಉಸಿರು ಅಳೆಯುವ ಯಂತ್ರದ ರಟ್ಟಿನ ಕೊಳವೆಯನ್ನು ಬಾಯಿಗಿಟ್ಟಾಗ, ಅದರ ವಾಸನೆಗೆ ಅಪ್ಪನ ಕಾಗದದ ಕಟ್ಟು ನೆನಪಾಯಿತು. ಅವರು ಕಚೇರಿಯೊಂದರ ಹೊರಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ನಕಲು ತೆಗೆದು ಗಟ್ಟಿಯಾಗಿ ಓದಬೇಕಿತ್ತು. ಇಡೀ ಅರ್ಜಿ ಒಂದೇ ವಾಕ್ಯ. ಅದಕ್ಕೆ ಒಂದೇ ಉಸಿರು.

“ನಡುವ ಉಸಿರು ತಗೊಂಡ್ರ ಸಾಹೇಬ ಅಲ್ಲೇ ಆಗೂದಿಲ್ಲ ಅಂತಾನ. ಉಳಿಸಿ ಉಳಿಸಿ ಬಿಡು, ತಮ್ಮಾ,” ಎನ್ನುತ್ತಿದ್ದರು. ಉಸಿರು ಸಾಲದಿದ್ದರೆ ಮತ್ತೆ ಮೊದಲಿನಿಂದ ಓದಿಸುತ್ತಿದ್ದರು.

ಇಂದೂ ಮೂರು ಸಲ ಹಾಗೆಯೇ ಉಳಿಸಿ ಉಳಿಸಿ ಊದಿದೆ. ಪರೀಕ್ಷೆ ಮಾಡುವ ವಿಜಯಪುರದ ಹುಡುಗಿ ಹಣೆ ಚಚ್ಚಿಕೊಂಡಳು. “ಅಜ್ಜಾರ, ಉಳಿಸಬ್ಯಾಡ್ರಿ. ಮೊದಲ ಸೆಕೆಂಡಿನ್ಯಾಗ ಎಷ್ಟು ಹೊರಗ ಬರ್ತದ ಅಂತ ನೋಡೂದದ. ಹಿಂಗಾದ್ರ ಡಾಕ್ಟರು ನಿಮಗ ಜೇಜುರಿ ಗುಡ್ಡದ ಗುಡಿ ಮೆಟ್ಟಿಲು ಹತ್ತಾಕ ಬಿಡೂದಿಲ್ರಿ.”

ಅಪ್ಪ ಪ್ರತಿ ವರ್ಷ ನನ್ನ ಕೈಹಿಡಿದು ಹತ್ತಿಸಿದ ಮೆಟ್ಟಿಲುಗಳವು. ಈಗ ಅವರ ಶಿಸ್ತೇ ಅಡ್ಡ ಬಂತಲ್ಲ ಎಂದು ಸಿಟ್ಟು ನೆತ್ತಿಗೇರಿತು. ನಾಲ್ಕನೆಯ ಸಲ ಆ ಸಿಟ್ಟನ್ನೆಲ್ಲ ಒಮ್ಮೆಗೇ ಊದಿದೆ. ಪರದೆಯ ಮೇಲೆ ಗೆರೆ ಗಕ್ಕನೆ ಮೇಲೇರಿತು.

“ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ರಿ, ಅಜ್ಜಾರ?” ಎಂದಳು.

ಇಂತಿ ತಮ್ಮ ವಿಧೇಯ,
(ಸಹಿ) ಮೈಲಾರಪ್ಪ
ಲಗತ್ತು: ನಾಲ್ಕನೆಯ ಸಲದ ವರದಿ, ನಕಲು ಒಂದು.