ಐಸ್ ಪೆಟ್ಟಿಗೆಯಲ್ಲಿ ಕಳಿಸಿದ ರಕ್ತ

ನನ್ನ ಕೋಣೆಯ ಬಾಗಿಲಿನಿಂದ ಕಾಫಿ ಒಣಗಿಸುವ ಕಣಕ್ಕೆ ಇಪ್ಪತ್ತೆರಡು ಹೆಜ್ಜೆ. ಆ ಹೆಜ್ಜೆಗಳನ್ನು ನಾನು ಇಡುವಂತಿರಲಿಲ್ಲ. ರಕ್ತದ ಕ್ಯಾನ್ಸರ್ ಎರಡನೇ ಸಲ ಮರಳಿತ್ತು. ಕಣದ ಪಕ್ಕದ ಕಾಫಿ ಹಣ್ಣಿನ ಸಿಪ್ಪೆಯ ರಾಶಿಯಿಂದ ಬೂಷ್ಟು ಉಸಿರಿಗೆ ಹೋದರೂ ಅಪಾಯ ಎಂದಿದ್ದರು ಡಾಕ್ಟರು. ಬಾಳೂರಿನ ಈ ತೋಟದಲ್ಲಿ ನಲವತ್ತು ವರ್ಷ ಬೆಳಿಗ್ಗೆ ಏಳಕ್ಕೆ ಆಳುಗಳ ಹಾಜರಿ ತೆಗೆದುಕೊಂಡವನು ಈಗ ಏಳಕ್ಕೆ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂರುತ್ತಿದ್ದೆ. ಹೊರಗೆ ಅವರು ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಹರವುವಾಗ ಸಾಲು ಸೊಟ್ಟಗಾದರೆ ಕಿಟಕಿಯ ಗಾಜಿಗೆ ಬಡಿಯುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಒಂದು ದಾರಿ ಹೇಳಿದ್ದರು. ಕೆಲವರ ರಕ್ತದಲ್ಲಿ ಕ್ಯಾನ್ಸರ್ ಕಣವನ್ನು ಗುರುತು ಹಿಡಿದು ಹೊಡೆಯುವ ಕಾವಲು ಕಣಗಳು ತಾವಾಗಿಯೇ ಇರುತ್ತವಂತೆ. ನನ್ನಲ್ಲಿದ್ದರೆ ಅವುಗಳನ್ನು ನೋಡಿಕೊಂಡು ನನಗೆಂದೇ ಚಿಕಿತ್ಸೆ ರೂಪಿಸಬಹುದು. ಇಲ್ಲದಿದ್ದರೆ ಎರಡು ಸಲ ಸೋತ ಹಳೆಯ ಔಷಧಿಯೇ ಗತಿ. ಅಲ್ಲಿಯವರೆಗೆ ರೋಗ ತಡೆಯಲೆಂದು ಸೋಮವಾರದಿಂದ ಕೊಡುವ ಮಾತ್ರೆಗಳು ಆ ಕಾವಲು ಕಣಗಳನ್ನೂ ಕೊಲ್ಲಬಹುದು. ರಕ್ತ ಅದಕ್ಕೆ ಮೊದಲೇ ಅವರ ಕೈ ಸೇರಬೇಕಿತ್ತು.

ಗುರುವಾರ ಮೂಡಿಗೆರೆಯಿಂದ ನರ್ಸ್ ಬಂದು ಆರು ಟ್ಯೂಬ್ ರಕ್ತ ತೆಗೆದಳು. ಅವಳು ಕೊಟ್ಟ ಸೂಚನೆಯ ಹಾಳೆಗೆ ತೂತು ಹೊಡೆದು ನಾನು ಫೈಲಿಗೆ ಸೇರಿಸಿದೆ. ದನಗಳ ಕಾಲುಬಾಯಿ ಜ್ವರದ ಲಸಿಕೆ ತರುತ್ತಿದ್ದ ನೀಲಿ ಪೆಟ್ಟಿಗೆಯನ್ನು ತೊಳೆಸಿ, ಐಸ್ ತುಂಬಿಸಿ ಸಿದ್ಧವಾಗಿಟ್ಟಿದ್ದೆ. ಅದನ್ನು ಆಸ್ಪತ್ರೆಗೆ ಒಯ್ಯಬೇಕಿದ್ದ ನಮ್ಮ ಜೀಪಿನ ಡ್ರೈವರ್ ತಲೆ ಕೆರೆದುಕೊಂಡ.

"ಐಸ್ ಬೇಡ ಅಂತ ಆ ನರ್ಸಮ್ಮ ಏನೋ ಅಂದಂಗಿತ್ತಲ್ಲ ಅಯ್ಯಾ?"

"ಲಸಿಕೆ ಕೆಡದಂಗೆ ತರೋದು ನಂಗೆ ಕಲಿಸ್ತೀಯೇನೋ?" ಎಂದೆ. ಅವನು ಹೊರಟ.

ಮರುದಿನ ಮಧ್ಯಾಹ್ನ ಡಾಕ್ಟರ ಫೋನು. ಐಸಿನ ಚಳಿಗೆ ರಕ್ತದ ಕಣಗಳು ಹಾಳಾಗಿದ್ದವು. ಅವರು ಬೈಯಲಿಲ್ಲ. ಫೈಲು ತೆಗೆದು ನೋಡಿದೆ. ಹಾಳೆಯ ಮೂರನೇ ಸಾಲು: ಐಸ್ ಹಾಕಬಾರದು, ಕೋಣೆಯ ಉಷ್ಣಾಂಶದಲ್ಲೇ ಇರಬೇಕು. ಅದನ್ನು ನಾನು ಓದಿರಲೇ ಇಲ್ಲ, ಜೋಡಿಸಿಟ್ಟಿದ್ದೆ ಅಷ್ಟೆ. ಎದ್ದು ಅಂಗಳಕ್ಕಾದರೂ ಹೋಗಿ ನಿಲ್ಲಬೇಕೆನ್ನಿಸಿತು. ಬಾಗಿಲವರೆಗೆ ಹೋಗಿ ವಾಪಸು ಬಂದು ಕೂತೆ.

ಶನಿವಾರ ನರ್ಸ್ ಮತ್ತೆ ಬಂದಳು. ರಕ್ತ ಮೊದಲೇ ಕಮ್ಮಿಯಿದ್ದುದರಿಂದ ನಾಲ್ಕೇ ಟ್ಯೂಬ್ ತೆಗೆದಳು. ನನ್ನ ಹೆಂಡತಿ ನೀಲಿ ಪೆಟ್ಟಿಗೆಯನ್ನು ಹಿಂದಿನ ದಿನವೇ ಕೊಟ್ಟಿಗೆಗೆ ಸಾಗಿಸಿದ್ದಳು. ಟ್ಯೂಬುಗಳನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟಳು.

"ಈ ಸಲ ನೀವು ಏನೂ ಹೇಳ್ಬೇಡಿ," ಎಂದಳು.

ಹೇಳದೆ ಇರಲಾಗಲಿಲ್ಲ. ಗಾಜಿನ ಒಳಗಿಂದಲೇ ಡ್ರೈವರನಿಗೆ ಹಾಳೆಯನ್ನು ಎರಡು ಸಲ ಓದಿದೆ. ಬಿಸಿಲಿಗೂ ಇಡಬೇಡ, ಎಲ್ಲೂ ಚಾಕ್ಕೆ ನಿಲ್ಲಬೇಡ ಎಂದೆ.

"ಆಯ್ತು ಮಾರಾಯ್ರೆ," ಎಂದು ನಕ್ಕ ಅವನು. "ಐಸ್ ವಿಷ್ಯ ಮೊನ್ನೇನೆ ಗೊತ್ತಿತ್ತು ನಂಗೆ."

ಸೋಮವಾರ ಮಾತ್ರೆ ಶುರುವಾಯಿತು. ಮೂರು ವಾರದಲ್ಲಿ ಕಣದ ಪಾರ್ಚ್‌ಮೆಂಟ್ ಒಣಗಿ ಮೂಟೆಯಾಯಿತು. ನಾನು ಒಂದು ಕಾಳನ್ನೂ ಮುಟ್ಟಿ ನೋಡಲಿಲ್ಲ. ಆಮೇಲೆ ಡಾಕ್ಟರ ಫೋನು ಬಂತು.

"ಇವೆ. ಕಾವಲು ಕಣಗಳು ತುಂಬಾ ಕಮ್ಮಿ, ಆದ್ರೆ ಗುರುತು ಹಿಡೀತಾ ಇವೆ."

ಚಿಕಿತ್ಸೆಗೆ ಅಷ್ಟು ಸಾಕೇ ಎನ್ನುವುದನ್ನು ಇನ್ನೂ ನೋಡಬೇಕಂತೆ. ಮೊದಲ ಆರು ಟ್ಯೂಬುಗಳಲ್ಲಿ ಎಷ್ಟಿದ್ದವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಾಫಿ ಕಣದವರೆಗೆ ಹೋಗಬಹುದೇ ಎಂದಷ್ಟೇ ಕೇಳಿದೆ.

ಈಗಲೇ ಬೇಡ ಎಂದರು.