ಬನ್ನಿಯೊಳಗೆ ಬಂದ ಗಂಡು ಜೀರುಂಡೆ

ತಾಂಬಾದ ಹನುಮಪ್ಪನ ಗುಡಿಯ ಕಟ್ಟೆಯಿಂದ ಮೂರು ಹೆಜ್ಜೆ ಆಚೆ, ಕೈಪಂಪಿನ ಪಕ್ಕದಲ್ಲಿ, ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆ. ಮೂರು ವರ್ಷದ ಹಿಂದಿನ ವಿಜಯದಶಮಿ, ಸಂಜೆ ಆರು ಗಂಟೆ ದಾಟಿ ಹತ್ತು ನಿಮಿಷ. ಹೊತ್ತು ಮುಳುಗಿತ್ತು, ಆದರೆ ಅಂಗೈಯ ಗೆರೆಗಳು ಕಾಣುವಷ್ಟು ಬೆಳಕಿತ್ತು. ಬೆಳಕಿನ ಮಾತು ಯಾಕೆಂದರೆ, ನಾನು ಅಲ್ಲಿ ಕಂಡದ್ದನ್ನು ಮೊದಲು ಅನುಮಾನಿಸಿದವನು ನಾನೇ.

ನಾನು ಇಂಡಿ ಪಟ್ಟಣದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ತಾಂಬಾದಲ್ಲಿ. ನಮ್ಮ ಓಣಿಯ ಹಿರಿಯರೊಬ್ಬರನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಅವರ ಹೊಲದ ಬದುವಿನಲ್ಲಿ ಒಂದು ಬನ್ನಿ ಮರ. ಆ ಹಬ್ಬಕ್ಕೂ ಒಂದು ವರ್ಷ ಹಿಂದಿನ ಮಳೆಗಾಲದಲ್ಲಿ ನನಗೆ ಅದರ ಮೇಲೆ ಒಂದು ಎಲೆ ಜೀರುಂಡೆ ಸಿಕ್ಕಿತು. ಜೋಳದ ಕಾಳಿನಷ್ಟು ಗಾತ್ರ, ಅರಿಸಿನಕ್ಕಿಂತ ತುಸು ಕಂದು ಬಣ್ಣ, ಒಂದೊಂದು ರೆಕ್ಕೆಯ ಮೇಲೆ ಎರಡು ಕಪ್ಪು ಚುಕ್ಕೆ. ತಾಯಿ ಒಂದೊಂದು ಮೊಟ್ಟೆಗೂ ತನ್ನ ಹಿಕ್ಕೆಯನ್ನೇ ಹೊದಿಸುತ್ತದೆ. ಮರಿ ಅದನ್ನೇ ಹಿಗ್ಗಿಸಿಕೊಂಡು ಮನೆ ಮಾಡಿಕೊಳ್ಳುತ್ತದೆ. ಪುಸ್ತಕದಲ್ಲಿರುವ ಜಾತಿಗೆ ಚುಕ್ಕೆಗಳು ಕೂಡಿಕೊಂಡಿರುತ್ತವೆ. ಇದಕ್ಕೆ ಬೇರೆ ಬೇರೆ ಇದ್ದವು. ಇಷ್ಟು ವ್ಯತ್ಯಾಸಕ್ಕೆ ನನಗೆ ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ಹನ್ನೊಂದು ಹುಳಗಳನ್ನು ದೂರದ ಸಂಗ್ರಹಾಲಯದ ತಜ್ಞರೊಬ್ಬರಿಗೆ ಕಳಿಸಿದೆ. ಅವರು ಫೋನಿನಲ್ಲಿ ಹೇಳಿದರು: "ಹೊಸ ಜಾತಿ ಇರಬಹುದು. ಆದರೆ ಹನ್ನೊಂದೂ ಹೆಣ್ಣು. ಈ ಗುಂಪಿನಲ್ಲಿ ಗಂಡಿನ ಒಳಗಿನ ಅಂಗ ನೋಡದೆ ಜಾತಿ ತೀರ್ಮಾನಿಸಲು ಬರುವುದಿಲ್ಲ. ಮುಂದಿನ ಮಳೆಗಾಲದಲ್ಲೂ ಗಂಡು ಸಿಗದಿದ್ದರೆ ಇವನ್ನು ಹಳೆಯ ಜಾತಿಯ ಪೆಟ್ಟಿಗೆಗೇ ಸೇರಿಸಿಬಿಡುತ್ತೇನೆ."

ಇದನ್ನು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. "ಹನ್ನೊಂದು ಹೆಣ್ಣ ಕುಂತಾವು, ಹೆಸರ ಇಡಾಕ ಒಂದ ಗಂಡ ಬರಬೇಕೇನ್ರಿ? ಹುಳದಾಗೂ ನಿಮ್ಮದ ದರ್ಬಾರ ಬಿಡ್ರಿ!"

ಮುಂದಿನ ಮಳೆಗಾಲ ಬಂತು. ಆ ಹುಳ ಕಾಣಿಸಿಕೊಳ್ಳುವುದು ಮಳೆ ಹಿಂದೆ ಸರಿಯುವ ಕೆಲವೇ ವಾರ, ಅಂದರೆ ಸರಿಯಾಗಿ ದಸರಾ ಹೊತ್ತಿಗೆ. ನಮ್ಮ ಓಣಿಯವರು ಪ್ರತಿ ದಸರಾಕ್ಕೂ ಬನ್ನಿ ಹರಿಯುವುದು ಅದೇ ಮರದಿಂದ. ಒಂದೇ ದಿನದಲ್ಲಿ ಮರ ಬೋಳಾಗುತ್ತದೆ. ನಾನು ಮುತ್ಯಾನ ಹತ್ತಿರ ಹೋಗಿ, ಈ ಸಲ ಆ ಮರವೊಂದನ್ನು ಬಿಟ್ಟುಬಿಡಿ ಎಂದು ಕೇಳಿದೆ.

"ಪಾಂಡವರು ಹತಿಯಾರ ಇಟ್ಟ ಗಿಡಾರೀ ಇದು. ಈಗ ನಿಮ್ಮ ಹುಳಕ್ಕ ಬಿಟ್ಟ ಕೊಡಬೇಕೇನು?" ಎಂದು ನಕ್ಕರು. ಆಮೇಲೆ, "ಆತು ಬಿಡ್ರಿ ಸರ. ಸಾಲಿ ಕಲಿಸವರ ಮಾತು ತಗದ ಹಾಕಬಾರದು. ಬನ್ನಿ ಬ್ಯಾರೆ ಕಡಿಂದ ತರಸ್ತೇನಿ," ಎಂದರು.

ಹನ್ನೆರಡು ದಿನ ನಾನು ಮರದ ಕೆಳಗೆ ಛತ್ರಿಯನ್ನು ತಲೆಕೆಳಗಾಗಿ ಹಿಡಿದು ಟೊಂಗೆ ಬಡಿದೆ. ಈ ಹುಳ ಮುಟ್ಟಿದರೆ ಸತ್ತಂತೆ ನಟಿಸಿ ಉದುರುತ್ತದೆ; ಛತ್ರಿಯೊಳಗೆ ಬಿದ್ದರೆ ಆರಿಸಿಕೊಳ್ಳಬಹುದು. ದಾರಿಯಲ್ಲಿ ಹೋಗುವವರು ಎತ್ತು ನಿಲ್ಲಿಸಿ ಕೇಳುತ್ತಿದ್ದರು: "ಮಳಿ ನೆಲದಾಗಿಂದ ಬರಾಕತ್ತೈತೇನ್ರಿ ಸರ?" ಒಟ್ಟು ಒಂಬತ್ತು ಹುಳ ಬಿದ್ದವು. ಒಂಬತ್ತೂ ಹೆಣ್ಣು.

ಹಬ್ಬದ ಸಂಜೆ ಮುತ್ಯಾನ ಅಳಿಯ, ಝಳಕಿಯಲ್ಲಿ ಟೆಂಪೋ ಓಡಿಸುವವನು, ಎರಡು ಚೀಲ ಬನ್ನಿ ತಂದು ಗುಡಿಯ ಮುಂದೆ ಇಳಿಸಿದ. ನಾನು ಮುತ್ಯಾನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಅವರು ತಮ್ಮ ಹಿಡಿಯ ಬನ್ನಿಯನ್ನು ನನ್ನ ಅಂಗೈಗೆ ಹಾಕಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸರ," ಎಂದರು.

ಎಲೆಗಳ ನಡುವೆ ಏನೋ ಕದಲಿತು. ಎರಡು ಚುಕ್ಕೆ, ಬೇರೆ ಬೇರೆ. ಮುಂಗಾಲು ಉದ್ದ, ತಲೆ ಅಗಲ, ದವಡೆ ಮುಂಚಾಚಿತ್ತು. ಗಂಡು.

"ಮುತ್ಯಾ, ನೋಡ್ರಿ ಇಲ್ಲೆ," ಎಂದೆ. ಮುತ್ಯಾ ಬಗ್ಗಿ ನೋಡಿದರು. ಪಕ್ಕದಲ್ಲಿ ಆರತಿ ತಾಟು ಹಿಡಿದಿದ್ದ ಹೆಂಡತಿಯೂ ನೋಡಿದಳು. ಅಷ್ಟರಲ್ಲಿ ಅಳಿಯ ಹಿಂದಿನಿಂದ ಬಂದು, ತನ್ನ ಬನ್ನಿಯನ್ನೂ ಮೇಲೆ ಸುರಿದು, ಎರಡೂ ಕೈಯಿಂದ ನನ್ನ ಮುಷ್ಟಿ ಮುಚ್ಚಿ, ಪ್ರೀತಿಯಿಂದ ಗಟ್ಟಿಯಾಗಿ ಹಿಸುಕಿದ. "ಬಂಗಾರದಂಗ ಇರೂಣ್ರಿ ಸರ!"

ಸಣ್ಣದೊಂದು ಸದ್ದಾಯಿತು. ಅದನ್ನು ಬೇರೆ ಯಾರೂ ಕೇಳಿಲ್ಲ. ಆದ್ದರಿಂದ ಅದಕ್ಕೆ ಸಾಕ್ಷಿಯಿದೆ ಎಂದು ಹೇಳಲಾರೆ. ಮುಷ್ಟಿ ಬಿಚ್ಚಿದೆ. ತಲೆ, ಎದೆ ಅಪ್ಪಚ್ಚಿಯಾಗಿದ್ದವು. ಹೊಟ್ಟೆಯ ಭಾಗ ಹಾಗೇ ಇತ್ತು.

ಉಳಿದದ್ದನ್ನು ತಜ್ಞರಿಗೆ ಕಳಿಸಿದೆ. ಅವರು ಹದಿನೈದು ದಿನಕ್ಕೆ ಫೋನ್ ಮಾಡಿದರು. "ತಲೆ ಹೋಗಿದೆ, ಚಿಂತೆಯಿಲ್ಲ. ಬೇಕಾದದ್ದು ಉಳಿದಿದೆ. ಇದು ಹೊಸ ಜಾತಿಯೇ."

"ತಲಿ ಇರಲಿಕ್ಕಂದ್ರೂ ಗಂಡಸರಿಗೆ ನಡೀತೈತಿ," ಎಂದಳು ಹೆಂಡತಿ.

ಆದರೆ ತಜ್ಞರಿಗೆ ಇನ್ನೊಂದು ಬೇಕಿತ್ತು. ಹುಳದ ಕೆಳಗೆ ಚುಚ್ಚುವ ಚೀಟಿಯಲ್ಲಿ ಅದು ಸಿಕ್ಕ ಜಾಗ, ಸಿಕ್ಕ ಮರ ಬರೆಯಬೇಕು. ಜಾಗ ಗೊತ್ತಿಲ್ಲದ ಮಾದರಿಯ ಮೇಲೆ ಹೊಸ ಹೆಸರು ಇಡಲು ಅವರು ಸಿದ್ಧರಿರಲಿಲ್ಲ. ನಾನು ಅಳಿಯನನ್ನು ಕೇಳಿದೆ: "ಬನ್ನಿ ಎಲ್ಲಿ ಹರದೆಪಾ?"

"ಒಂದ ಕಡಿ ಆಗಿದ್ರ ಹೇಳತಿದ್ನಿರಿ ಸರ. ಬಾಡಗಿ ಹೊಂಟಿದ್ನಿ. ಮುದ್ದೇಬಿಹಾಳದ ಹಂತ್ಯಾಕ ಒಂದ ಗಿಡ, ಬಾಗೇವಾಡಿ ದಾಟಿಂದ ಎರಡ, ಸಿಂದಗಿ ಹಾದ್ಯಾಗ ಒಂದ. ಎಲ್ಲಾ ಕೂಡೇ ಚೀಲದಾಗ ತುರಕಿದ್ನಿ. ಬನ್ನಿಗೆ ಯಾರರ ಊರ ಕೇಳ್ತಾರೇನ್ರಿ?"

ತಜ್ಞರಿಗೆ ಹೇಳಿದೆ. ಅವರು, "ಹೆಣ್ಣುಗಳು ಸಿಕ್ಕ ಮರವನ್ನೇ ಬರೆದುಬಿಡಿ. ಯಾರು ಬಂದು ನೋಡುತ್ತಾರೆ?" ಎಂದರು.

ಮುತ್ಯಾನಿಗೂ ನನ್ನ ಕಷ್ಟ ತಿಳಿಯಿತು. ತಾವಾಗಿಯೇ ಮನೆಗೆ ಬಂದರು. "ಶಾಸ್ತ್ರಕ್ಕಂತ ಒಂದ ಎಸಳ ನಮ್ಮ ಗಿಡದಾಗಿಂದ ಹರದಿದ್ದೆ ಅಂತ ಹೇಳ್ತೇನಿ. ಬರಕೋರಿ."

ನನಗೆ ಜೀವ ಬಂದಂತಾಯಿತು. "ಖರೇನ ಹರದಿದ್ರೇನು ಮುತ್ಯಾ?"

"ನಿಮಗ ಮಾತು ಕೊಟ್ಟ ಮ್ಯಾಲ ಹೆಂಗ ಹರೀಲಿ? ಆದ್ರ ಹೇಳಾಕೇನ ಅಡ್ಡಿ?"

ಅವರು ಮಾತು ತಪ್ಪಿದ್ದರೆ ನನ್ನ ಹುಳಕ್ಕೆ ಹೆಸರು ಸಿಗುವ ದಾರಿಯಾದರೂ ಇರುತ್ತಿತ್ತು. ಜಾಗ ಸುಳ್ಳಾದ ಮಾದರಿ ಬರೀ ಸತ್ತ ಹುಳ ಎಂದು ನಾನು ಹುಡುಗರಿಗೆ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಹೇಳುವುದು ಸುಲಭವಿತ್ತು. ಎರಡು ದಿನ ಪೆನ್ನು ಹಿಡಿದು ಕೂತು, ಕೊನೆಗೆ ಬರೆದೆ: "ತಾಂಬಾ, ಗುಡಿಯ ಮುಂದೆ, ಬನ್ನಿ ಕೊಡುವಾಗ ಅಂಗೈಯಲ್ಲಿ. ಮರ ಗೊತ್ತಿಲ್ಲ."

ತಜ್ಞರು ಆ ಚೀಟಿಯನ್ನು ಒಪ್ಪಲಿಲ್ಲ. ಆಮೇಲಿನ ಮಳೆಗಾಲಗಳಲ್ಲಿ ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ದಾರಿಗಳಲ್ಲಿ ಅಳಿಯ ತೋರಿಸಿದ ನಾಲ್ಕೂ ಮರ ಬಡಿದಿದ್ದೇನೆ. ಎರಡರಲ್ಲಿ ಹುಳವೇ ಇಲ್ಲ, ಉಳಿದೆರಡರಲ್ಲಿ ಬರೀ ಹೆಣ್ಣು. ಜಾತಿ ಹೊಸದು ಎಂದು ತಜ್ಞರೂ ಬಲ್ಲರು, ನಾನೂ ಬಲ್ಲೆ. ಹೆಸರು ಮಾತ್ರ ಇನ್ನೂ ಇಲ್ಲ.

ಮುತ್ಯಾ ಹೋದ ವರ್ಷ ತೀರಿಕೊಂಡರು. ಝಳಕಿಯ ಅಳಿಯ ಇದ್ದಾನೆ, ಈಗಲೂ ಟೆಂಪೋ ಓಡಿಸುತ್ತಾನೆ. ಆದರೆ ಅವನು ಕಂಡದ್ದು ಮುಷ್ಟಿ ಬಿಚ್ಚಿದ ಮೇಲೆ. ಆ ಗಂಡು ನನ್ನ ಅಂಗೈಯಲ್ಲಿ ಜೀವಂತವಾಗಿ ಕಾಲಾಡಿಸಿದ್ದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಈಗ ಬದುಕಿರುವವಳು ನನ್ನ ಹೆಂಡತಿ ಒಬ್ಬಳೇ.