ಮಾವನ ಕುರಿಗೆ ಒನ್ಸ್ ಮೋರ್

ಚಳ್ಳಕೆರೆಯಲ್ಲಿ ಕಂಬಳಿ ಅಂಗಡಿ ಇಟ್ಟುಕೊಂಡವನಿಗೆ ಬೇಸಿಗೆಯ ಮಧ್ಯಾಹ್ನ ಏನು ಕೆಲಸ? ಆ ಬಿಸಿಲಿನಲ್ಲಿ ಕಂಬಳಿ ಮುಟ್ಟಿ ನೋಡುವ ಗಿರಾಕಿ ಇನ್ನೂ ಹುಟ್ಟಿಲ್ಲ. ಅಂಗಡಿಯಲ್ಲಿ ಕೂತರೆ ಬೆವರು, ಟಾಕೀಸಿನಲ್ಲಿ ಕೂತರೆ ತಂಪು. ಹಾಗಾಗಿ ತಿಂಗಳಿಗೆ ಒಂದೋ ಎರಡೋ ಸಿನಿಮಾ ನೋಡುತ್ತೇನೆ. ಹುಚ್ಚೇನೂ ಇಲ್ಲ. ಆದರೆ ನೋಡಿ ಬಂದ ಮೇಲೆ ಅದರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ರಾತ್ರಿ ಊಟ ಸೇರುವುದಿಲ್ಲ.

ನನ್ನ ಮೊದಲ ತಕರಾರು ಕತ್ತಲಿನ ಮೇಲೆ. ಈಚಿನ ಸಿನಿಮಾಗಳಲ್ಲಿ ನಾಯಕ ಅಡುಗೆಮನೆಗೆ ಹೋಗಿ ನೀರು ಕುಡಿದರೂ ಕತ್ತಲು, ಅಂಗಳಕ್ಕೆ ಬಂದು ತಾಯಿಯನ್ನು ಮಾತಾಡಿಸಿದರೂ ಕತ್ತಲು. ಕರೆಂಟು ಹೋದ ಮನೆ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕೆ? ಎರಡನೆಯದು ನಡಿಗೆ. ಕಾರಿನಿಂದ ಇಳಿದ ನಾಯಕ ಬಾಗಿಲು ಮುಟ್ಟುವಷ್ಟರಲ್ಲಿ ನಾನು ಒಂದು ಪೊಟ್ಟಣ ಕಡಲೆಕಾಯಿ ಸುಲಿದು ತಿಂದು ಕೈ ಒರೆಸಿಕೊಂಡಿರುತ್ತೇನೆ. ಹಾಗಂತ ಎಲ್ಲವನ್ನೂ ಬೈಯುವವನಲ್ಲ. ಮೊನ್ನೆ ಒಂದು ಸಣ್ಣ ಸಿನಿಮಾ ಬಂದಿತ್ತು. ಒಂದು ಬಸ್ಸು, ನಿವೃತ್ತಿಯಾಗಲಿರುವ ಒಬ್ಬ ಕಂಡಕ್ಟರು, ಅಷ್ಟೇ ಕತೆ. ಕೊನೆಯ ದಿನ ಆತ ಖಾಲಿ ಬಸ್ಸಿನಲ್ಲಿ ಸೀಟು ಸೀಟಿಗೂ ಹೋಗಿ ಒರೆಸುತ್ತಾನೆ. ಹನ್ನೊಂದು ಜನ ಕೂತಿದ್ದೆವು, ಹನ್ನೊಂದೂ ಜನ ಮೂಗು ಒರೆಸಿಕೊಂಡು ಹೊರಗೆ ಬಂದೆವು. ಮೂರನೆಯ ದಿನಕ್ಕೆ ಅದನ್ನು ಟಾಕೀಸಿನಿಂದ ಎತ್ತಿದರು.

ವೇದಿಕೆಯ ಮನರಂಜನೆಯದೂ ಈಗ ಬೇರೆಯೇ ಬಗೆ. ಆರ್ಕೆಸ್ಟ್ರಾದಲ್ಲಿ ಹಾಡುವವರ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ನಡುವೆ ಕೆಮ್ಮು ಬಂದರೂ ಹಾಡು ನಿಲ್ಲುವುದಿಲ್ಲ, ಯಾಕೆಂದರೆ ಹಾಡುತ್ತಿರುವುದು ಪೆನ್ ಡ್ರೈವ್. ಅದಕ್ಕೇ ನನಗೆ ಇವತ್ತಿಗೂ ಹಳ್ಳಿಯವರು ಆಡುವ ಪೌರಾಣಿಕ ನಾಟಕದ ಮೇಲೆ ಒಲವು. ಅಲ್ಲಿ ನೋಡುವವರಿಗೂ ಅಧಿಕಾರ ಇರುತ್ತದೆ. ಯುದ್ಧದಲ್ಲಿ ಬಿದ್ದು ಸತ್ತ ರಾಜನ ಹಾಡು ಹಿಡಿಸಿತೆಂದರೆ 'ಒನ್ಸ್ ಮೋರ್' ಎಂದು ಕೂಗಿದರೆ ಸಾಕು. ಸತ್ತವನು ಎದ್ದು, ಕಿರೀಟ ಸರಿ ಮಾಡಿಕೊಂಡು, ಹಾರ್ಮೋನಿಯಂ ಮಾಸ್ತರರಿಗೆ ಕಣ್ಸನ್ನೆ ಮಾಡಿ, ಇನ್ನೊಮ್ಮೆ ಹಾಡಿ, ಅದೇ ಜಾಗದಲ್ಲಿ ಮತ್ತೆ ಸಾಯುತ್ತಾನೆ.

ಹೀಗೆ ಕೂಗುವುದನ್ನು ನನಗೆ ಕಲಿಸಿದ್ದು ನನ್ನ ಮಾವ, ಅವ್ವನ ತಮ್ಮ. ಮೊಳಕಾಲ್ಮುರಿನ ಕಡೆಯ ಸಿದ್ದಾಪುರದ ಹತ್ತಿರದ ಹಟ್ಟಿಯವನು. ನೂರಾ ಹತ್ತು ಕುರಿ ಸಾಕಿದ್ದಾನೆ. ನಾಟಕ ಎಲ್ಲೇ ಇರಲಿ, ಕಂಬಳಿ ಹೆಗಲಿಗೆ ಹಾಕಿ ಹೊರಟ. ಸಿನಿಮಾ ಮಾತ್ರ ಅವನಿಗೆ ಸೇರದು. "ಪರದೆಯೊಳಗಿನೋನು ನಮ್ಮ ಮಾತು ಕೇಳಲ್ಲ ಕಣಲೇ" ಎನ್ನುತ್ತಿದ್ದ. ಅಂಥ ಮಾವ ಕಳೆದ ಬೇಸಿಗೆಯಲ್ಲಿ ಫೋನು ಮಾಡಿ, "ಲೇ ಅಳಿಯ, ನಿಮ್ಮೂರಿಗೆ ನಮ್ಮ ಕುರಿ ಪಿಚ್ಚರ್ ಬಂದೈತಂತೆ. ನಾಳೆ ಬರ್ತೀವಿ, ಅಂಗಡಿ ಬಾಗ್ಲು ಹಾಕಿರು" ಎಂದ.

ಸಂಗತಿ ಹೀಗಿತ್ತು. ಎರಡು ವರ್ಷದ ಹಿಂದೆ ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಬಯಲಿಗೆ ಸಿನಿಮಾದವರು ಬಂದಿದ್ದರು. ಕುರಿಗಾಹಿಯೊಬ್ಬ ದೊಡ್ಡ ದಂಡನ್ನು ಎದುರಿಸುವ ಕತೆ. ಕುರಿ ಬೇಕಾಗಿತ್ತು, ಮಾವನ ಕುರಿ ಕೇಳಿದರು. ಶೂಟಿಂಗ್ ಮುಗಿದ ವಾರ ಮಾವ ಅಂಗಡಿಗೆ ಬಂದು ಎಲ್ಲ ಹೇಳಿದ್ದ.

"ಪಾಪ ಕಣಲೇ, ಆ ಕ್ಯಾಮೆರಾದೋನು ಹೊಸಬ ಅಂತ ಕಾಣುತ್ತೆ. ತೆಗೆದಿದ್ದು ಕೆಟ್ಟೋತು ಅಂತ ಐದು ಸಲ ಕುರಿ ಹೊಡೆಸ್ದ. ಕ್ಯಾಮೆರಾ ಅಳ್ಳಾಡಿಸಂಗಿಲ್ಲ, ಕುರಿ ಮಾತ್ರ ಒಂದ್ಸಲ ಗುಡ್ಡದ ಬುಡಕ್ಕೆ, ಒಂದ್ಸಲ ಜಾಲಿ ಕಡೆಗೆ, ಒಂದ್ಸಲ ನಡುವಕ್ಕೆ. ಮುಗೀತು ಅಂತ ಬೀಡಿ ಹಚ್ಚಿದ್ರೆ, 'ಇಂಕೋಸಾರಿ ತಾತಾ, ಇಂಕೋಸಾರಿ' ಅಂತ ತೆಲುಗ್ನಾಗೆ ಕೂಗ್ತಾನೆ, ಇನ್ನೊಂದ್ಸಲ ಅಂತೆ. ಕೊನೆಗೆ ಕೇಳೇಬಿಟ್ಟೆ, ನಿಂಗೆ ಈ ಕೆಲ್ಸ ಕಲಿಸಿದ ಗುರು ಯಾರಪ್ಪಾ ಅಂತ."

"ನೀನೂ ಪಿಚ್ಚರ್‌ನಾಗೆ ಬರ್ತೀಯಾ ಮಾವ?"

"ನಾನೆಲ್ಲಿ! ನನ್ನ ಒಂದು ಗುಂಡುಕಲ್ಲಿನ ಹಿಂದೆ ಮಲಗಿಸಿದ್ರು. ತಲೆ ಎತ್ತಂಗಿಲ್ಲ, ಸಿಳ್ಳೆ ಮಾತ್ರ ಹಾಕ್ಬೇಕು."

ಸಿನಿಮಾಕ್ಕೆ ಬಂದವರು ಮೂವರು. ಮಾವ, ಅತ್ತೆ, ಕೊಂಡ್ಲಹಳ್ಳಿಯ ಬೀಗರು. ಬೀಗರೆಂದರೆ ಮಾವನ ಮಗನಿಗೆ ಹೆಣ್ಣು ಕೊಟ್ಟವರು, ಶೇಂಗಾ ಬೆಳೆಯುವವರು, ಮಾತಿನಲ್ಲಿ ಮುಳ್ಳಿಟ್ಟು ನಗುವವರು. ಎರಡು ವರ್ಷದಿಂದ ಮಾವ ಪ್ರತಿ ಮದುವೆಯಲ್ಲಿ, ಪ್ರತಿ ಸಾವಿನ ಮನೆಯಲ್ಲಿ ಅವರ ಮುಂದೆ ಈ ಕುರಿಗಳ ಸಿನಿಮಾ ವಿಚಾರ ಹೇಳಿದ್ದ. ಅವರು ಒಂದು ಸಲವೂ ನಂಬಿರಲಿಲ್ಲ. ಈಗ ಮಾವನ ಮಾತಿನ ಮರ್ಯಾದೆ ಪರದೆಯ ಮೇಲೆ ನಿಂತಿತ್ತು.

ಬೆಳಗಿನ ಆಟಕ್ಕೆ ಹೋದೆವು. ನೂರು ಸೀಟಿನ ಕಡೆ ಇಪ್ಪತ್ತು ಜನ ಇದ್ದರೆ ಹೆಚ್ಚು. ಬೀಗರು ಟವೆಲ್ಲಿನಿಂದ ಸೀಟು ಕೊಡವಿ ಕೂತು, "ಬೀಗರೇ, ನಿಮ್ಮ ಕುರಿ ಬಂದಾಗ ಹೇಳ್ರಿ, ಅಲ್ಲಿವರ್ಗೂ ಒಂದು ನಿದ್ದೆ ತೆಗೀತೀನಿ" ಎಂದರು.

ಪರದೆಯ ಮೇಲೆ ನಾಯಕ ಒಂದು ಮರಿಯನ್ನು ಎತ್ತಿಕೊಂಡು ಹಾಡತೊಡಗಿದ. ಮಾವನಿಗೆ ತಡೆಯಲಾಗಲಿಲ್ಲ. "ಮದ್ವೆ ಮನ್ಯಾಗೆ ಕೊಬ್ಬರಿ ತಟ್ಟೆ ಹಿಡಕಂಡಂಗೆ ಹಿಡಕಂಡವ್ನೆ ನೋಡಲೇ ಮರೀನ! ಕಾಲು ಜೋತು ಬಿದ್ದಾವೆ." ಅತ್ತೆ ಮೊಣಕೈಯಿಂದ ತಿವಿದಳು. ಆಮೇಲೆ ಹಾಡು ನಿಂತು, ಒಂದು ಸಿಳ್ಳೆ ಕೇಳಿಸಿತು. ಅಲ್ಲೇ ಪಕ್ಕದ ಬ್ರಹ್ಮಗಿರಿ ಗುಡ್ಡದ ಕಡೆಯ ಬಂಡೆಗಳ ನಡುವಿನಿಂದ ಕುರಿಗಳು ಇಳಿದವು. ಇಳಿದವು ಎಂದರೆ ಹೊಳೆಯಂತೆ ಇಳಿದವು. ಬಯಲು ತುಂಬಿ, ಜಾಲಿ ದಾಟಿ, ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಕುರಿಯೇ ಕುರಿ.

"ನಮ್ಮವು!" ಎಂದು ಮಾವ ಎದ್ದು ನಿಂತ. "ಅಗೋ, ನಮ್ಮ ಕಂಬಳಿ ಕುರಿ! ಒನ್ಸ್ ಮೋರ್! ಒನ್ಸ್ ಮೋರ್!"

ಅಷ್ಟರಲ್ಲಿ ಕುರಿ ಹೋಗಿ ಕುದುರೆ ಬಂದಿತ್ತು. ಹಿಂದಿನಿಂದ ಯಾರೋ "ಕೂತ್ಕಳ್ರೀ ಯಜಮಾನ್ರೇ, ನಾಟಕ ಅಲ್ಲ ಇದು" ಎಂದರು. ಮಾವ ನಿಂತೇ ಇದ್ದ. ಪರದೆ ಅವನ ಮಾತು ಕೇಳಲಿಲ್ಲ.

ಮಧ್ಯಂತರದಲ್ಲಿ ಬೀಗರು ಟೀ ಊದುತ್ತಾ ಶುರು ಮಾಡಿದರು. "ಅಲ್ಲ ಬೀಗರೇ, ನಿಮ್ಮ ಹತ್ರ ಇರೋದು ನೂರಾ ಹತ್ತು. ಇಲ್ಲಿ ಏನಿಲ್ಲ ಅಂದ್ರೂ ಐನೂರು ಓಡಿದ್ವು. ಉಳಿದವು ಎಲ್ಲಿ ಮೇಯಿಸ್ತಿದ್ರಿ? ನಮ್ಮ ಶೇಂಗಾ ಹೊಲ್ದಾಗಾ?"

"ಬೀಗರೇ, ದೇವ್ರಾಣೆ ನಮ್ಮವೇ."

"ನಿಮ್ಮವೂ ಇರಬೌದು, ಮೂಲ್ಯಾಗೆ. ದೊಡ್ಡ ಹಿಂಡು ಆಂಧ್ರದ ಕಡೆಯಿಂದ ತರಿಸವ್ರೆ. ನಿಮ್ಮವು ಅಂತ ಹೇಳ್ಕಂಡು ತಿರುಗೋದು ಮಾತ್ರ ಬ್ಯಾಡ."

ಮಾವ ಟೀ ಲೋಟ ಕೆಳಗಿಟ್ಟ. ಅವನ ಮುಖ ನೋಡಲಾಗಲಿಲ್ಲ. ಯಾಕೆಂದರೆ ಅವನಿಗೇ ಅನುಮಾನ ಬಂದಿತ್ತು. ಕಂಬಳಿ ಕುರಿಯನ್ನು ಕಣ್ಣಾರೆ ಕಂಡಿದ್ದ. ಅದರ ಮೈಯೆಲ್ಲ ಬಿಳಿ, ಬೆನ್ನ ಮೇಲೆ ಮಾತ್ರ ಯಾರೋ ಕಂಬಳಿ ತುಂಡು ಹೊದಿಸಿದಷ್ಟು ಕಪ್ಪು. ತಾಯಿ ಹಾಲು ಕೊಡದೆ ಒದೆಯುತ್ತಿತ್ತೆಂದು ಮಾವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಆದರೆ ಸುತ್ತಲಿದ್ದ ಐನೂರು ಕುರಿ ಎಲ್ಲಿಂದ ಬಂದವು? ಅದು ಅವನಿಗೂ ಬಗೆಹರಿಯಲಿಲ್ಲ.

ಅತ್ತೆ ಮೆಲ್ಲಗೆ, "ಕಂಬಳಿ ಕುರೀನ ನಾನೂ ನೋಡ್ದೆ. ಬಲಗಡೆ ಜಾಲಿ ಹತ್ರ ಇತ್ತು" ಎಂದಳು.

"ಎಡಗಡೆ ಕಣೇ, ಬಂಡೆ ಪಕ್ಕ."

"ನಿಮ್ಮ ಕಣ್ಣಿಗೆ ಪೊರೆ ಬಂದೈತೆ. ಬಲಗಡೆ!"

ನಾನು ಸುಮ್ಮನಿರಲಾರದೆ, "ಇಬ್ರೂ ತಪ್ಪು. ನಡುವೆ ಓಡ್ತಿತ್ತು, ನಾನು ನೋಡಿದ್ದೀನಿ" ಎಂದೆ.

ಹೇಳಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಆ ಹೊಸ ಕ್ಯಾಮೆರಾದವನು ನೆನಪಾದ. ಕ್ಯಾಮೆರಾ ಅಳ್ಳಾಡದೆ, ಐದು ಸಲ, ಐದು ಜಾಗದಲ್ಲಿ! ಕೆಟ್ಟುಹೋಗಿದ್ದಕ್ಕೆ ಮತ್ತೆ ಮತ್ತೆ ತೆಗೆದದ್ದಲ್ಲ. ಐದನ್ನೂ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಪಕ್ಕ ಪಕ್ಕ ಹೊಲಿದಿದ್ದರು, ಕಂಬಳಿಯ ಎರಡು ಪಟ್ಟಿ ಕೂಡಿಸಿ ಹೊಲಿಯುವ ಹಾಗೆ.

ಬೀಗರಿಗೆ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. "ಕಣ್ಣಿಗೆ ತೋರಿಸ್ರಿ, ನಂಬ್ತೀನಿ."

ಮಾವ ಸೀದಾ ಮ್ಯಾನೇಜರ ಬಳಿಗೆ ಹೋದ. ನಾನೂ ಹಿಂದೆ ಹೋದೆ. "ಸ್ವಾಮಿ, ಆ ಕುರಿ ಬರೋ ಜಾಗ ಒಂದೇ ಒಂದ್ಸಲ ಹಿಂದಕ್ಕೆ ತಿರುಗಿಸ್ರಿ. ನಮ್ಮ ನಾಟಕದಾಗೆ ಕೇಳಿದ್ರೆ ಸತ್ತ ರಾಜನೂ ಎದ್ದು ಬರ್ತಾನೆ."

ಮ್ಯಾನೇಜರು ನಕ್ಕರು, ಆದರೆ ಹಂಗಿಸುವ ನಗುವಲ್ಲ. "ಯಜಮಾನ್ರೇ, ರೀಲು ಇದ್ದ ಕಾಲ ಅಲ್ಲ ಇದು, ನಮ್ಮ ಕೈಯಾಗೆ ಏನೂ ಇಲ್ಲ. ಒಂದು ಕೆಲ್ಸ ಮಾಡ್ರಿ. ಮ್ಯಾಟಿನಿಗೆ ಬಂದು ಸುಮ್ನೆ ಕೂತ್ಕಳ್ರಿ, ಅರ್ಧ ಗಂಟೆಗೆ ಕುರಿ ಬರ್ತಾವೆ. ಟಿಕೀಟು ಬ್ಯಾಡ." ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಹೆಂಗಿದ್ರೂ ಸೀಟು ಖಾಲಿ ಬಿದ್ದಾವೆ. ಎಲ್ಲಾ ಊರ್ನಾಗೂ ಇದೇ ಕತೆ, ಜನ ಬರ್ತಿಲ್ಲ. ನಾಳೆ ಬಿಟ್ಟು ನಾಡಿದ್ದು ಎತ್ತಿಬಿಡ್ತೀವಿ. ಅವರಿಗೆ ಹೇಳಬ್ಯಾಡ್ರಿ, ಪಾಪ."

ಬೆಳಗಿನ ಆಟ ಮುಗಿದ ಮೇಲೆ ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮ್ಯಾಟಿನಿಗೆ ಮತ್ತೆ ಒಳಗೆ ಹೋದೆವು. ಈ ಸಲ ಮಾವನೇ ದಂಡನಾಯಕ. ಎಡಗಡೆ ನೋಡಲು ತಾನು, ಬಲಗಡೆಗೆ ಅತ್ತೆ, ನಡುವಿಗೆ ನಾನು. ಮೇಲೆ ಗುಡ್ಡದ ಬುಡ ಮತ್ತು ಕೆಳಗೆ ಪರದೆಯ ಅಂಚು ಎರಡನ್ನೂ ಬೀಗರಿಗೇ ವಹಿಸಿದ. "ನಮ್ಮ ಕಣ್ಣಾದ್ರೆ ಸುಳ್ಳು ಅಂತೀರಿ. ನಿಮ್ಮ ಕಣ್ಣೇ ನೋಡ್ಲಿ. ಬೆನ್ನಿನ ಮ್ಯಾಲೆ ಕಂಬಳಿ ಇರೋದು. ಓಡ್ತಾ ಓಡ್ತಾ ನಿಂತು ಹಿಂದಕ್ಕೆ ನೋಡುತ್ತೆ. ಅದರ ಚಾಳಿ ಅದು."

ನಾಯಕ ಮರಿ ಎತ್ತಿಕೊಂಡು ಹಾಡಿದ. ಯಾರೂ ಅವನನ್ನು ನೋಡಲಿಲ್ಲ. ಸಿಳ್ಳೆ ಬಂತು.

"ಇಲ್ಲೈತೆ!" ಮಾವ.

"ಇಲ್ಲೂ ಐತೆ!" ಅತ್ತೆ.

ನಡುವೆ ನನ್ನದೂ ಸಿಕ್ಕಿತು. ಬೀಗರು ಕತ್ತು ಮುಂದೆ ಚಾಚಿ ಬೆರಳು ತೋರಿಸಿದರು, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಆ ಗಳಿಗೆಯಲ್ಲಿ ನಾನು ಯಾವ ಸಿನಿಮಾದಲ್ಲೂ ನೋಡದ್ದನ್ನು ನೋಡಿದೆ. ಓಡುವ ಆ ಹೊಳೆಯ ನಡುವೆ ಐದು ಕಡೆ ಕಂಬಳಿ ಬೆನ್ನಿನ ಕುರಿ ನಿಂತಿತು. ಒಂದು ಮೊದಲು, ಒಂದು ಚೂರು ತಡವಾಗಿ, ಐದೂ ಕತ್ತು ತಿರುಗಿಸಿ ಹಿಂದೆ ನೋಡಿದವು.

ಬೀಗರು ಎದ್ದೇ ಬಿಟ್ಟರು. ಟವೆಲ್ಲು ತಲೆಯ ಮೇಲೆ ಬೀಸುತ್ತಾ, "ಒನ್ಸ್ ಮೋರ್! ಲೇ, ಒನ್ಸ್ ಮೋರ್ ಹಾಕ್ರಲೇ!" ಎಂದು ಕೂಗಿದರು. ಇದ್ದ ಹತ್ತು ಹದಿನೈದು ಜನ ಏನೆಂದು ಗೊತ್ತಾಗದೆ ತಾವೂ ಸಿಳ್ಳೆ ಹಾಕಿದರು.

ಮಾವ ಮಾತ್ರ ಕೂಗಲಿಲ್ಲ. ಕೂತಲ್ಲೇ ಕೂತು, ಪರದೆಯ ಮೇಲೆ ಕುದುರೆ ಬಂದರೂ ಅತ್ತಲೇ ನೋಡುತ್ತಿದ್ದ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು ಹೇಳಿದ. "ನಾನು ಗುಂಡಿನ ಹಿಂದೆ ಮಲಗಿದ್ನಲ್ಲ, ಕುರೀಗೆ ಕಾಣಲಿಲ್ಲ. ಐದೂ ಸಲ ನನ್ನೇ ಹುಡುಕೈತೆ ಕಣಲೇ. ನಾನು ಅವತ್ತು ಹಿಂದಕ್ಕೆ ಹೊಡ್ಕಂಡು ಬರ್ವಾಗ, ಸುಮ್ನೆ ನಡಿಯೇ ಅಂತ ಬೈದಿದ್ದೆ."

ಅಂದಿನಿಂದ ಸಿನಿಮಾದಲ್ಲಿ ಯಾವ ದಂಡು, ಯಾವ ಜಾತ್ರೆ ಕಂಡರೂ ನಾನು ಒಂದೇ ಮುಖ ಎರಡು ಕಡೆ ಇದೆಯೇ ಎಂದು ಹುಡುಕುತ್ತೇನೆ. ಮೋಸ ಹಿಡಿಯುವುದಕ್ಕಲ್ಲ. ಆ ಮುಖ ಯಾರನ್ನು ನೋಡುತ್ತಿದೆ ಎಂದು ತಿಳಿಯುವುದಕ್ಕೆ. ಆ ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಕತೆ ಸಾಧಾರಣ, ನಾಯಕನಿಗೆ ಮರಿ ಹಿಡಿಯಲು ಬರುವುದಿಲ್ಲ, ಆದರೆ ಅಭಿನಯ ಮಾಡದೆ ನಿಂತ ಒಂದು ಜೀವ ಅದರಲ್ಲಿತ್ತು. ತೆಲುಗಿನ ಆ ಕ್ಯಾಮೆರಾ ಹುಡುಗ ಅದನ್ನು ಕತ್ತರಿಸದೆ ಉಳಿಸಿದ್ದಕ್ಕೆ ಅವನ ಹೊಟ್ಟೆ ತಣ್ಣಗಿರಲಿ.

ಅವತ್ತು ಬಸ್ಸಿನಲ್ಲಿ ನಾನೂ ಅವರ ಜೊತೆ ಹಟ್ಟಿಗೆ ಹೋದೆ. ಮಗಳನ್ನು ಮಾತಾಡಿಸಿ ಹೋಗುತ್ತೇನೆಂದು ಬೀಗರೂ ಬಂದರು. ಮೊಳಕಾಲ್ಮುರಿನ ಕಡೆಯ ಪ್ರಯಾಣಿಕರಿಗೆಲ್ಲ ಅವರೇ ಕತೆ ಹೇಳಿದರು. "ನಮ್ಮ ಬೀಗರ ಕುರಿ, ಒಂದೇ ಕುರಿ, ಐದು ಕಡೆ ನಿಂತೈತೆ! ನನ್ನ ಕಣ್ಣಾರೆ ನೋಡಿದ್ದೀನಿ." ಮಾವ ಕಿಟಕಿಯ ಹೊರಗೆ ನೋಡುತ್ತಾ, ಮೀಸೆಯೊಳಗೇ ನಗುತ್ತಾ ಕೂತಿದ್ದ.

ಹೊತ್ತು ಇಳಿಯುವಾಗ ಕುರಿಗಳು ಬಯಲಿನಿಂದ ಬಂದು ಮುಳ್ಳುಬೇಲಿಯ ರೊಪ್ಪದೊಳಗೆ ಸೇರಿದವು. ಮಾವ ಕಂಬಳಿ ಕುರಿಯ ಕೊರಳು ತಬ್ಬಿ ನಿಲ್ಲಿಸಿಕೊಂಡ. "ದೃಷ್ಟಿ ತೆಗಿಯೇ. ಎಷ್ಟು ಊರಿನ ಕಣ್ಣು ಬಿದ್ದೈತೋ." ಅತ್ತೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿಸಿ ನಿಂತಳು.

"ಮೂರು ಸಲ ಸಾಕಾಗಲ್ಲ. ಐದು ಕಡೆ ಕಂಡೈತೆ, ಐದು ಸಲ ತೆಗಿ."

ಅತ್ತೆ ಇನ್ನೆರಡು ಸಲ ಇಳಿಸಿ ಒಲೆಯ ಕೆಂಡಕ್ಕೆ ಸುರಿದಳು. ನಾವೆಲ್ಲ ಒಲೆಯ ಸುತ್ತ ನಿಂತೆವು. ಬಹಳ ಜನರ ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿಗೆ ಘಾಟು ಬರುವುದಿಲ್ಲ, ಕಡಿಮೆ ಜನರದಾದರೆ ಕೆಮ್ಮು ಬರುತ್ತದೆ ಎಂದು ನಮ್ಮವರ ನಂಬಿಕೆ. ಮಾವ ಬೀಗರನ್ನು ನೋಡಿದ. ಬೀಗರು ಮೂಗರಳಿಸಿ, ಕಣ್ಣಲ್ಲಿ ನೀರು ತುಂಬಿದ್ದರೂ ಗಟ್ಟಿಯಾಗಿ, "ಏನೂ ಘಾಟಿಲ್ಲ ಬೀಗರೇ!" ಎಂದರು.

"ನೋಡ್ದೇನಲೇ ಅಳಿಯ, ಎಷ್ಟು ಸಾವಿರ ಜನ ನೋಡವ್ರೋ!"

ನನ್ನ ಗಂಟಲು ಕೆರೆಯುತ್ತಿತ್ತು. ಖಾಲಿ ಸೀಟುಗಳೂ ಮ್ಯಾನೇಜರ ಮಾತೂ ನೆನಪಿಗೆ ಬಂದವು. ಕಂಬಳಿ ಕುರಿ ಬೇಲಿಯ ಸಂದಿಯಿಂದ ಕತ್ತು ತಿರುಗಿಸಿ ಮಾವನನ್ನೇ ನೋಡುತ್ತಿತ್ತು.

"ಹೌದು ಮಾವ" ಎಂದು ಹೇಳಿ, ಕೆಮ್ಮು ನುಂಗಿಕೊಂಡು ನಿಂತೆ.